ಅಜ್ಜಿ ಚಳಿಯಲ್ಲಿ ಪಪ್ಪನ ಮಲ್ಲಿಗೆ

ನಮ್ಮ ಮನೆಯಲ್ಲಿ ಕೆಲಸಕ್ಕೆ ಹೋಗುವವಳು ಮಮ್ಮಿ, ಮನೆಯಲ್ಲಿದ್ದು ಮೀನು ತೊಳೆಯುವವರು ಪಪ್ಪ. ಇದರಲ್ಲಿ ವಿಶೇಷವೇನಾದರೂ ಉಂಟು ಎಂದು ಶಾಲೆಗೆ ಸೇರುವವರೆಗೆ ನನಗೆ ಗೊತ್ತಿರಲಿಲ್ಲ. ಸೌದಿಯ ಉನೈಜಾ ಎಂಬ ಊರಿನ ಆಸ್ಪತ್ರೆಯಲ್ಲಿ ಮಮ್ಮಿ ನರ್ಸು. ನರ್ಸುಗಳು ಗಂಡನನ್ನು ಕರೆಸಿಕೊಳ್ಳಬಹುದಿತ್ತು, ಆದರೆ ಹಾಗೆ ಬಂದ ಗಂಡ ಎಲ್ಲಿಯೂ ದುಡಿಯುವ ಹಾಗಿರಲಿಲ್ಲ. ಪಪ್ಪನ ವಾಸದ ಪರವಾನಗಿಯಲ್ಲಿ, ಇಕಾಮಾದಲ್ಲಿ, ಅದನ್ನು ಸ್ಪಷ್ಟವಾಗಿ ಬರೆದಿತ್ತು. ಉಡುಪಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಮನುಷ್ಯ, ಹೆಂಡತಿ ಮಕ್ಕಳು ಒಂದೇ ಸೂರಿನಡಿ ಇರಲಿ ಎಂದು ಆ ಕೆಲಸ ಬಿಟ್ಟು ಬಂದಿದ್ದರು. ಬಂದವರು ಏಪ್ರನ್ ಕಟ್ಟಿಕೊಂಡರು. ದಮ್ಮಾಮ್ ಕಡೆಯಿಂದ ಐಸಿನಲ್ಲಿ ಮೀನು ಬರುವ ದಿನ ಬೆಳಿಗ್ಗೆಯೇ ಪೇಟೆಗೆ ಹೋಗಿ, ಕಿವಿರು ಎತ್ತಿ ನೋಡಿ, ಮಾರುವವನ ಹತ್ತಿರ ಅರ್ಧ ಹಿಂದಿ ಅರ್ಧ ಅರಬಿಯಲ್ಲಿ ಚರ್ಚೆ ಮಾಡಿ ತರುತ್ತಿದ್ದರು. ಮಧ್ಯಾಹ್ನ ನಾನೂ ತಂಗಿ ಜೂಲಿಯೂ ಶಾಲೆಯ ಬಸ್ಸಿನಿಂದ ಇಳಿಯುವಾಗ ಓಣಿಯ ತುದಿಗೇ ಸಾರಿನ ಪರಿಮಳ ಬರುತ್ತಿತ್ತು. ಆ ಓಣಿಯಲ್ಲಿ ತೆಂಗಿನಕಾಯಿ ಅರೆದು ಸಾರು ಮಾಡುವ ಮನೆ ನಮ್ಮದೊಂದೇ.

ಅದು ಹಳೇ ಬಾಡಿಗೆ ಮನೆ. ಮೂರು ಕೋಣೆಗಳು ರೈಲುಡಬ್ಬಿಯ ಹಾಗೆ ಒಂದರ ಹಿಂದೆ ಒಂದು. ಮೊದಲನೆಯದರಲ್ಲಿ ಊಟದ ಮೇಜು, ಅದರ ಸುತ್ತ ಊರಿಗೆ ಮರಳಿದ ಮಲಯಾಳಿ ಕುಟುಂಬವೊಂದು ನಮಗೆ ಬಿಟ್ಟುಹೋದ ಕುರ್ಚಿಗಳು. ನಡುಕೋಣೆಯಲ್ಲಿ ನಾವು ಹೆಣ್ಣುಮಕ್ಕಳು ಮಲಗುವುದು. ಒಳಕೋಣೆ ಪಪ್ಪ ಮಮ್ಮಿಯದು, ಸಂಜೆ ಜಪಮಾಲೆ ಹಿಡಿದು ತೇರ್ಸಿನ ಪ್ರಾರ್ಥನೆ ಮಾಡುವುದೂ ಅಲ್ಲೇ. ಇಗರ್ಜಿ ಇಲ್ಲದ ಊರು. ಹೊರಗಿನವರಿಗೆ ತಿಳಿಯದ ಹಾಗೆ ದಪ್ಪ ಪರದೆ ಎಳೆದು, ಸಣ್ಣ ಸ್ವರದಲ್ಲಿ, ಕೊಂಕಣಿಯಲ್ಲಿ ಜಪ ಹೇಳುತ್ತಿದ್ದೆವು. ಜೂಲಿ ಮಧ್ಯದಲ್ಲೇ ನಿದ್ದೆಹೋಗುತ್ತಿದ್ದಳು. ಮನೆಯ ಹಿಂದೆ ಎತ್ತರದ ಗೋಡೆಯ ಅಂಗಳ. ಆ ಕಡೆಯವರು ಅದನ್ನು ಹೋಶ್ ಎನ್ನುತ್ತಾರೆ, ನಾವು ಹಿತ್ತಲು ಎನ್ನುತ್ತಿದ್ದೆವು. ಹಿತ್ತಲ ಗೋಡೆಯಲ್ಲಿ ಒಂದು ಚಿಕ್ಕ ಕಬ್ಬಿಣದ ಬಾಗಿಲು, ಅದರಾಚೆ ಮನೆಯ ಒಡತಿ ಉಮ್ಮು ಸಾಲಿಹ್, ಅಂದರೆ ಸಾಲಿಹ್‌ನ ತಾಯಿ. ನಮಗೆ ತಿಳಿದ ಹೆಸರು ಅದೊಂದೇ. ಗಂಡ ತೀರಿಕೊಂಡ ಹಣ್ಣು ಮುದುಕಿ. ಪಪ್ಪ ಹಿತ್ತಲಲ್ಲಿ ಇಲ್ಲದಾಗ ಮಾತ್ರ ಆ ಬಾಗಿಲು ತೆರೆದು ಮಮ್ಮಿಯ ಹತ್ತಿರ ಮಂಡಿನೋವಿನ ಬಗ್ಗೆ ಮಾತಾಡುತ್ತಿದ್ದರು. ಪಪ್ಪನಿಗೆ ಏನಾದರೂ ಹೇಳಬೇಕಿದ್ದರೆ ಬಾಗಿಲ ಹಿಂದೆ ನಿಂತು ನನ್ನನ್ನು ಕರೆದು, ನನ್ನ ಮೂಲಕ ಹೇಳಿಸುತ್ತಿದ್ದರು. ಓಣಿಯ ಮಕ್ಕಳ ಜೊತೆ ಆಡಿ ಆಡಿ ನನಗೆ ಅರಬಿ ಚೆನ್ನಾಗಿ ಬರುತ್ತಿತ್ತು.

ಶುಕ್ರವಾರ ಊಟಕ್ಕೆ ಊರ ಕಡೆಯವರು ಬರುತ್ತಿದ್ದರು. ಬ್ಯಾಚುಲರ್ ರೂಮುಗಳಲ್ಲಿ ಬದುಕುವ ಗಂಡಸರು: ಉಳ್ಳಾಲದ ಕಡೆಯ ಬ್ಯಾರಿಗಳು, ಮೂಡುಬಿದಿರೆಯ ಒಬ್ಬ ಡ್ರೈವರು, ಬುರೈದಾದಿಂದ ಬರುವ ಒಬ್ಬ ಅಕೌಂಟೆಂಟು. ಪಪ್ಪನ ಕೈಯ ಸಾರು ಉಂಡು, ಎರಡನೇ ಸಲ ಅನ್ನ ಬಡಿಸಿಕೊಂಡು, ಆಮೇಲೆ ಅದೇ ತಮಾಷೆ ಮಾಡುತ್ತಿದ್ದರು. ನಿಮಗೆ ಎಂತ ಬೆನ್ನಣ್ಣ, ವೀಸಾ ಕೊಡುವ ಕಫೀಲನೂ ಹೆಂಡತಿಯೇ, ಸಂಬಳದ ಧಣಿ ಅರಬಾಬನೂ ಹೆಂಡತಿಯೇ, ವರ್ಷವಿಡೀ ರಜೆ ಎಂದು. ಪಪ್ಪನ ಹೆಸರು ಬೆನೆಡಿಕ್ಟ್, ಎಲ್ಲರಿಗೂ ಬೆನ್ನಣ್ಣ. ಅವರೂ ನಗುತ್ತಿದ್ದರು, ಉಪ್ಪಿನಕಾಯಿಯ ಬಾಟಲಿ ಮುಂದೆ ದೂಡುತ್ತಿದ್ದರು. ಬಂದವರು ಹೋದ ಮೇಲೆ ಪಾತ್ರೆ ತೊಳೆಯುವಾಗ ಮಾತ್ರ ಬೇರೆ ದಿನಕ್ಕಿಂತ ಹೆಚ್ಚು ಸದ್ದು. ಮಮ್ಮಿ ಆ ಸದ್ದನ್ನು ಕೇಳುತ್ತಾ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು.

ಪಪ್ಪ ದಿನ ಹೇಗೆ ಕಳೆಯುತ್ತಿದ್ದರು ಎಂದು ಈಗ ಯೋಚಿಸುತ್ತೇನೆ. ಸಂಜೆ ನಮ್ಮಿಬ್ಬರನ್ನು ಊಟದ ಮೇಜಿಗೆ ಕೂರಿಸಿ ಕನ್ನಡ ಅಕ್ಷರ ಕಲಿಸುತ್ತಿದ್ದರು. ಶಾಲೆಯಲ್ಲಿ ಕನ್ನಡ ಇರಲಿಲ್ಲ, ನಮಗೂ ಬೇಡವಾಗಿತ್ತು. ಆದರೆ ಅಚ್ಚುಮೊಳೆಯ ಕೈ ಬಿಡುತ್ತದೆಯೇ. ಒತ್ತಕ್ಷರ ಎಲ್ಲಿ ಕೂರಬೇಕೆಂದು ತೋರಿಸುವಾಗ ಅವರ ಬೆರಳು ಪೆನ್ಸಿಲನ್ನೂ ಮೊಳೆಯನ್ನು ಹಿಡಿದಂತೆಯೇ ಹಿಡಿಯುತ್ತಿತ್ತು. ಇಂದು ಇದನ್ನು ನಾನು ಕನ್ನಡದಲ್ಲಿ ಬರೆಯಲು ಆ ಸಂಜೆಗಳೇ ಕಾರಣ. ಆದರೆ ಬೆಳಗಿನಿಂದ ಮಧ್ಯಾಹ್ನದವರೆಗೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು? ಆ ಹೊತ್ತಿಗಾಗಿಯೇ ಅವರು ಹಿತ್ತಲನ್ನು ಕೊಚ್ಚಿ ಹಸನು ಮಾಡಿದ್ದು. ಮೊದಲು ಹರಿವೆ ಹಾಕಿದರು, ಬಸಳೆಗೆ ಚಪ್ಪರ ಕಟ್ಟಿದರು, ತೊಂಡೆ ಬಳ್ಳಿ ಹಬ್ಬಿಸಿದರು. ಆಮೇಲೆ ಮಲ್ಲಿಗೆ ಬಂತು.

ಪಪ್ಪನ ತಾಯಿಯ ಮನೆ ಶಂಕರಪುರದ ಹತ್ತಿರ. ಅಲ್ಲಿ ಮನೆಮನೆಯಲ್ಲಿ ಮಲ್ಲಿಗೆ ಬೆಳೆಯುತ್ತಾರೆ. ಸೂರ್ಯ ಹುಟ್ಟುವ ಮೊದಲು ಮೊಗ್ಗು ಕೊಯ್ದು, ಜಗಲಿಯಲ್ಲಿ ಕೂತು ಕಟ್ಟಿ, ಹೂವು ಮಾರುವ ಕಟ್ಟೆಗೆ ಕಳುಹಿಸುವುದು ಅವರ ಬಾಲ್ಯ. ಊರಿಗೆ ರಜೆಯಲ್ಲಿ ಹೋಗಿದ್ದ ಮಮ್ಮಿಯ ಗೆಳತಿಯೊಬ್ಬಳು ಬರುವಾಗ ಕೆಲವು ಗೆಲ್ಲುಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು. ಪಪ್ಪ ಅವನ್ನು ಹಾಲಿನ ಪುಡಿಯ ಡಬ್ಬಗಳಲ್ಲಿ ಊರಿ ಅಡುಗೆಮನೆಯ ಕಿಟಕಿಯಲ್ಲಿಟ್ಟರು. ಹೆಚ್ಚಿನವು ಕೊಳೆತವು. ಬೇರುಬಿಟ್ಟ ನಾಲ್ಕನ್ನು ಹಿತ್ತಲ ಗೋಡೆಯ ಬುಡದಲ್ಲಿ ನೆಟ್ಟರು. ಅಂದಿನಿಂದ ಮನೆಯ ದಿನಚರಿಯೇ ಬದಲಾಯಿತು. ಮೀನು ತೊಳೆದ ನೀರು ಅವಕ್ಕೆ, ಅಕ್ಕಿ ತೊಳೆದ ನೀರು ಅವಕ್ಕೆ. ಬೇಸಿಗೆಯ ಬಿಸಿಗಾಳಿಗೆ ಒದ್ದೆ ಗೋಣಿಯ ತಟ್ಟಿ ಕಟ್ಟಿದರು, ಚಳಿಗಾಲಕ್ಕೆ ಪ್ಲಾಸ್ಟಿಕ್ ಹಾಳೆಯ ಗುಡಾರ ಮಾಡಿದರು. ಮಮ್ಮಿ ಇದನ್ನೆಲ್ಲ ದೂರದಿಂದ ನೋಡುತ್ತಿದ್ದಳು. ವಾರ್ಡಿನಲ್ಲಿ ಹಗಲಿಡೀ ಜನರನ್ನು ನೋಡಿಕೊಂಡು ಬಂದವಳಿಗೆ ಮನೆಯಲ್ಲಿ ಇನ್ನು ಯಾರನ್ನೂ ನೋಡಿಕೊಳ್ಳುವ ಆಸೆ ಇರಲಿಲ್ಲ, ಗಿಡಗಳನ್ನಂತೂ ಅಲ್ಲವೇ ಅಲ್ಲ.

ಫೆಬ್ರವರಿ ಮುಗಿಯುತ್ತಾ ಬಂದಾಗ ಬಿಸಿಲು ಏರಿತು. ಸ್ವೆಟರುಗಳು ಪೆಟ್ಟಿಗೆಗೆ ಹೋದವು. ಪಪ್ಪ ಗುಡಾರ ಬಿಚ್ಚಿದರು. ಬಿಚ್ಚಿದ ಕೆಲವೇ ದಿನಗಳಲ್ಲಿ ಗಿಡಗಳು ಚಿಗುರಿದವು. ಎಳೆ ಚಿಗುರು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು. ತುದಿಯಲ್ಲಿ ಗುಂಡುಪಿನ್ನಿನ ತಲೆಯಷ್ಟು ಮೊಗ್ಗು. ಪಪ್ಪ ನಮ್ಮನ್ನು ಕರೆದು ತೋರಿಸಿದರು, ಮುಟ್ಟಬಾರದು ಎಂದರು. ಆ ವಾರವೇ ಒಂದು ಬೆಳಿಗ್ಗೆ ನಾನು ಹಲ್ಲುಜ್ಜಲು ಹಿತ್ತಲಿಗೆ ಹೋದರೆ ನೆಲದ ಮೇಲೆ ಯಾರೋ ಉಪ್ಪು ಚೆಲ್ಲಿದಂತೆ ಇತ್ತು. ಹರಿವೆಯ ಎಲೆಗಳ ಅಂಚಿನಲ್ಲಿ ಉಪ್ಪು, ಬಕೆಟ್ಟಿನ ಹಿಡಿಕೆಯಲ್ಲಿ ಉಪ್ಪು. ಕರಾವಳಿಯ ನಮಗೆ ಇಬ್ಬನಿ ಗೊತ್ತಿತ್ತು, ಹೆಪ್ಪುಗಟ್ಟಿ ನಿಲ್ಲುವ ಇಬ್ಬನಿ ಗೊತ್ತಿರಲಿಲ್ಲ. ಪಪ್ಪ ಮಲ್ಲಿಗೆಯ ಎದುರು ಕುಕ್ಕರಗಾಲಲ್ಲಿ ಕೂತಿದ್ದರು. ಗಿಡಗಳಿನ್ನೂ ಹಸಿರಾಗಿಯೇ ಇದ್ದವು, ನನಗೆ ಚಂದ ಕಂಡಿತು, ಹಾಗೆಂದು ಹೇಳಿಯೂ ಬಿಟ್ಟೆ. ಬಿಸಿಲು ಗೋಡೆ ದಾಟಿ ಅವುಗಳ ಮೇಲೆ ಬಿತ್ತು. ಸ್ವಲ್ಪ ಹೊತ್ತಿನಲ್ಲಿ ಚಿಗುರುಗಳು ಬಿಸಿನೀರಿಗೆ ಹಾಕಿದ ಸೊಪ್ಪಿನಂತೆ ಜೋತುಬಿದ್ದವು, ಶಾಲೆಯಿಂದ ಬರುವಷ್ಟರಲ್ಲಿ ಕಪ್ಪಾಗಿದ್ದವು.

ಆ ಮಧ್ಯಾಹ್ನ ಓಣಿಯಲ್ಲಿ ಸಾರಿನ ಪರಿಮಳ ಇರಲಿಲ್ಲ. ಮಮ್ಮಿ ನೈಟ್ ಡ್ಯೂಟಿ ಮುಗಿಸಿ ಬಂದು, ತಿಂಡಿ ಇಲ್ಲದೆ ಮಲಗಿ ಎದ್ದಿದ್ದಳು. ನಮಗೆ ಬ್ರೆಡ್ಡಿಗೆ ಜಾಮ್ ಹಚ್ಚಿ ಕೊಡುತ್ತಾ, ಕಿಟಕಿಯ ಕಡೆ ನೋಡಿ, ಗಿಡ ತಾನೇ, ಇನ್ನೊಮ್ಮೆ ತರಿಸಿದರಾಯಿತು ಎಂದಳು. ಸಮಾಧಾನಕ್ಕೇ ಹೇಳಿದ್ದು. ಪಪ್ಪ ಎದ್ದು ಒಳಗೆ ಬಂದರು. ಅವರು ಸ್ವರ ಏರಿಸುವವರಲ್ಲ. ಅಂದೂ ಏರಿಸಲಿಲ್ಲ.

"ನಿನಗೆ ಆಸ್ಪತ್ರೆ ಉಂಟು, ಸಿಸಿಲ್. ನನಗೆ ಇಲ್ಲಿ ಇದ್ದದ್ದು ಇದೇ."

ಆಮೇಲೆ ಇಬ್ಬರೂ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಡುಕೋಣೆಯಲ್ಲಿ ಮಲಗುವವರಿಗೆ ಒಳಕೋಣೆಯ ಮಾತು ಕೇಳದೆ ಇರುವುದಿಲ್ಲ. ಪಪ್ಪ ಊರಿಗೆ ಹೋಗುತ್ತೇನೆ ಎನ್ನುತ್ತಿದ್ದರು. ಪ್ರೆಸ್ಸಿನ ಧಣಿ ಇನ್ನೂ ತೆಗೆದುಕೊಳ್ಳಬಹುದು, ಮಕ್ಕಳನ್ನು ಅಲ್ಲೇ ಶಾಲೆಗೆ ಹಾಕುತ್ತೇನೆ, ನೀನು ಹಾಸ್ಟೆಲಿನಲ್ಲಿದ್ದುಕೊಂಡು ವರ್ಷಕ್ಕೊಮ್ಮೆ ಬಾ ಎಂದು. ಮಮ್ಮಿ, ಮಕ್ಕಳಿಲ್ಲದ ಮನೆಗೆ ನಾನು ಡ್ಯೂಟಿ ಮುಗಿಸಿ ಬರುವುದು ಯಾಕೆ ಎಂದು ಕೇಳಿದಳು. ಶಾಲೆಯ ವರ್ಷ ಮುಗಿಯಲಿ, ಆಮೇಲೆ ನೋಡುವ ಎಂಬಲ್ಲಿಗೆ ಮಾತು ನಿಂತಿತು. ನಾನು ಜೂಲಿಗೆ ಏನೂ ಹೇಳಲಿಲ್ಲ. ಆದರೆ ಆ ದಿನದಿಂದ ಊರಿನ ಮನೆ ಎಂದರೆ ನನಗೆ ಮಮ್ಮಿ ಇಲ್ಲದ ಮನೆ ಎಂದೇ ಅನ್ನಿಸತೊಡಗಿತು.

ಎರಡು ದಿನ ಬಿಟ್ಟು ಉಮ್ಮು ಸಾಲಿಹ್ ಬಾಗಿಲ ಸಂದಿಯಿಂದ ನನ್ನನ್ನು ಕರೆದರು. ಗಿಡಗಳ ವಿಷಯ ಅವರಿಗೂ ತಿಳಿದಿತ್ತು, ಅವರ ನಿಂಬೆಗಿಡದ ಚಿಗುರೂ ಸುಟ್ಟಿತ್ತಂತೆ. ಬಿಸಿಲು ಬಂತೆಂದು ಚಳಿ ಹೋಯಿತು ಅಂದುಕೊಳ್ಳಬಾರದು, ಹೋದ ಚಳಿ ಒಮ್ಮೆ ತಿರುಗಿ ಬರುತ್ತದೆ, ಅದಕ್ಕೆ ಅಜ್ಜಿ ಚಳಿ ಎಂದು ಹೆಸರು ಎಂದರು. ಗಾಳಿ ನಿಂತು ಆಕಾಶ ತೊಳೆದಂತೆ ಇದ್ದ ಸಂಜೆ ಜೋಪಾನವಾಗಿರಬೇಕು. ಕಪ್ಪಾದ ಗೆಲ್ಲನ್ನು ಈಗಲೇ ಕಡಿಯಬೇಡ ಎಂದು ನಿನ್ನ ತಂದೆಗೆ ಹೇಳು, ಬುಡ ಸತ್ತಿಲ್ಲ ಎಂದರು. ನಾನು ಹೋಗಿ ಅಷ್ಟನ್ನೂ ಒಪ್ಪಿಸಿದೆ. ಪಪ್ಪ ತಲೆಯಾಡಿಸಿದರು. ಅವರು ಕತ್ತರಿ ಹಿಡಿದೇ ನಿಂತಿದ್ದರು, ಅದನ್ನು ಕಿಟಕಿಯಲ್ಲಿಟ್ಟರು. ಕೆಲವು ವಾರಗಳ ನಂತರ ಬುಡದಿಂದ ಚಿಗುರು ಬಂತು. ಆ ವರ್ಷ ಹೂವಾಗಲಿಲ್ಲ, ಆದರೆ ಶಾಲೆಯ ವರ್ಷ ಮುಗಿದಾಗ ಊರಿಗೆ ಹೋಗುವ ಮಾತನ್ನು ಪಪ್ಪ ತಾವಾಗಿ ಎತ್ತಲಿಲ್ಲ. ಇನ್ನೊಂದು ಚಳಿ ನೋಡುವ ಎಂದಷ್ಟೇ ಮಮ್ಮಿಯ ಹತ್ತಿರ ಹೇಳಿದರು. ಅದು ನನ್ನ ಮನಸ್ಸಿನಲ್ಲಿ ಬೇರೆಯೇ ರೀತಿಯಲ್ಲಿ ಉಳಿಯಿತು. ಮಲ್ಲಿಗೆ ಉಳಿದರೆ ನಾವು ಉಳಿಯುತ್ತೇವೆ, ಮಲ್ಲಿಗೆ ಸತ್ತರೆ ಮನೆ ಎರಡಾಗುತ್ತದೆ. ಮಗುವಿನ ಲೆಕ್ಕಾಚಾರ. ಆದರೆ ಆ ಲೆಕ್ಕಾಚಾರ ಪೂರ್ತಿ ತಪ್ಪಾಗಿತ್ತೆಂದು ಇಂದಿಗೂ ನನಗೆ ಅನ್ನಿಸುವುದಿಲ್ಲ.

ಮುಂದಿನ ಚಳಿಗಾಲ ಪಪ್ಪ ಬಹಳ ಎಚ್ಚರವಾಗಿದ್ದರು. ಸಂಜೆ ಪ್ಲಾಸ್ಟಿಕ್ ಹೊದೆಸುವುದು, ಬೆಳಿಗ್ಗೆ ಎತ್ತುವುದು, ಫೆಬ್ರವರಿಯ ಬಿಸಿಲಿಗೂ ಮರುಳಾಗದೆ ಅದನ್ನೇ ಮುಂದುವರಿಸಿದ್ದರು. ಆಗ ಎರಡು ಸಂಗತಿ ಒಟ್ಟಿಗೆ ಆದವು. ಒಂದು ದೊಡ್ಡ ಮರಳುಗಾಳಿ ಬಂದು ಪ್ಲಾಸ್ಟಿಕ್ ಹಾಳೆಯನ್ನು ಚಿಂದಿ ಮಾಡಿ ಓಣಿಯ ತಂತಿಗಳಿಗೆ ಸಿಕ್ಕಿಸಿತು. ಅದರ ಮರುದಿನವೇ ದೂರದ ಹಫ್ರ್ ಅಲ್ ಬಾತಿನ್‌ನಿಂದ ಫೋನು. ಅಲ್ಲಿ ಅಂಗಡಿಯೊಂದರಲ್ಲಿದ್ದ ಪಪ್ಪನ ದೊಡ್ಡಪ್ಪನ ಮಗ ಆಸ್ಪತ್ರೆಯಲ್ಲಿದ್ದಾನೆ, ಆಪರೇಷನ್ ಆಗಬೇಕು, ಹತ್ತಿರ ಇರಲು ನಮ್ಮವರು ಯಾರೂ ಇಲ್ಲ ಎಂದು. ಪಪ್ಪ ಒಂದು ಚೀಲಕ್ಕೆ ಎರಡು ಶರ್ಟು ತುಂಬಿ ಹೊರಟರು. ಹೊರಡುವಾಗ ಹಿತ್ತಲಿಗೆ ಹೋಗಿ ಬಂದರು, ಗಿಡಗಳ ಬಗ್ಗೆ ಮಮ್ಮಿಗೆ ಒಂದು ಮಾತನ್ನೂ ಹೇಳಲಿಲ್ಲ. ಹೇಳಿ ಪ್ರಯೋಜನವಿಲ್ಲ ಎಂದೋ, ಡ್ಯೂಟಿಯಿಂದ ಸುಸ್ತಾದವಳಿಗೆ ಇದೊಂದು ಹೊರೆ ಬೇಡ ಎಂದೋ. ನಾಲ್ಕೂ ಗಿಡಗಳು ಆಗ ಮೈತುಂಬಾ ಚಿಗುರಿದ್ದವು.

ಪಪ್ಪ ಹೋದ ಕೆಲವು ದಿನಗಳ ನಂತರ ಮಮ್ಮಿಗೆ ರಜೆ ಇದ್ದ ಒಂದು ದಿನ, ಇಳಿಹೊತ್ತಿನ ಅಸರ್ ಬಾಂಗಿನ ಸಮಯಕ್ಕೆ, ಗೋಡೆಯ ಬಾಗಿಲನ್ನು ಉಮ್ಮು ಸಾಲಿಹ್ ಊರುಗೋಲಿನಿಂದ ಬಡಿದರು. ಬೆಳಗಿನಿಂದ ಬೀಸುತ್ತಿದ್ದ ಬಡಗಣ ಗಾಳಿ ನಿಂತಿತ್ತು. ಆಕಾಶದಲ್ಲಿ ಹತ್ತಿಯಷ್ಟು ಮೋಡವೂ ಇರಲಿಲ್ಲ. ಅವರು ಕೋಲು ಮೇಲೆತ್ತಿ ಆಕಾಶ ತೋರಿಸಿದರು, ಆಮೇಲೆ ಮಲ್ಲಿಗೆ ತೋರಿಸಿದರು. ಮಮ್ಮಿಗೆ ಅರ್ಥವಾಗಲು ನನ್ನ ಅನುವಾದ ಬೇಕಾಗಲಿಲ್ಲ. ಅವಳು ಹಿತ್ತಲ ನಡುವೆ ನಿಂತು ಗಿಡಗಳನ್ನು ನೋಡಿದಳು. ನಾನು ಅವಳ ಮುಖ ನೋಡಿದೆ. ವಾರ್ಡಿಗೆ ಹೊಸ ರೋಗಿ ಬಂದಾಗ ಅವಳು ಹಾಗೆ ನಿಲ್ಲುತ್ತಾಳೆ ಎಂದು ಆಮೇಲೆ ಅವಳ ಗೆಳತಿಯರು ನಗಾಡುತ್ತಿದ್ದರು. ಕೈ ಸೊಂಟದ ಮೇಲೆ, ಕಣ್ಣು ಅಡಿಯಿಂದ ಮುಡಿಯವರೆಗೆ.

ನನಗೆ ಅಳು ಬರುವಂತಾಗಿ, ಇವು ಸತ್ತರೆ ಪಪ್ಪ ನಮ್ಮನ್ನು ಊರಿಗೆ ಕರೆದುಕೊಂಡು ಹೋಗುತ್ತಾರಾ ಎಂದು ಕೇಳಿಬಿಟ್ಟೆ. ಒಂದು ವರ್ಷ ಒಳಗಿಟ್ಟುಕೊಂಡ ಮಾತು. ಮಮ್ಮಿ ತಿರುಗಿ ನೋಡಿದಳು. ನಾನು ಎಲ್ಲ ಕೇಳಿಸಿಕೊಂಡಿದ್ದೆನೆಂದು ಆಗ ಅವಳಿಗೆ ಗೊತ್ತಾಯಿತು. ಅಂಗಿಯ ತೋಳು ಮೇಲಕ್ಕೆ ಮಡಚಿದಳು.

"ಐರಿನ್, ಹೋಗಿ ಕುರ್ಚಿಗಳನ್ನು ತೆಗೆದುಕೊಂಡು ಬಾ. ಜೂಲಿ, ನೀನು ಕಂಬಳಿ ತಾ. ಬೇಗ."

ಕುರ್ಚಿ ಯಾಕೆಂದು ನನಗೆ ತಿಳಿಯಲಿಲ್ಲ. ಮಮ್ಮಿ ಕೆಲಸ ಮಾಡುತ್ತಲೇ ಹೇಳಿದಳು. ಸುಟ್ಟಗಾಯದವರ ಮೈಗೆ ಬಟ್ಟೆ ತಾಗಬಾರದು, ತಾಗಿದರೆ ಚರ್ಮ ಏಳುತ್ತದೆ, ಹಾಗೆಂದು ಚಳಿಗೆ ಬಿಡಲೂ ಆಗುವುದಿಲ್ಲ. ಅದಕ್ಕೆ ಮಂಚದ ಮೇಲೆ ಕಮಾನಿನಂಥ ಕಬ್ಬಿಣದ ಚೌಕಟ್ಟು ಇಟ್ಟು ಅದರ ಮೇಲೆ ಕಂಬಳಿ ಹೊದೆಸುತ್ತೇವೆ. ಪಪ್ಪ ಪ್ಲಾಸ್ಟಿಕ್ಕನ್ನು ಎಲೆಗೆ ತಾಗುವಂತೆ ಹೊದೆಸುತ್ತಿದ್ದರು, ತಾಗಿದ ಕಡೆಯೆಲ್ಲ ಕಲೆ ಬಿದ್ದದ್ದನ್ನು ಅವಳು ನೋಡಿದ್ದಳಂತೆ. ನೋಡಿಯೂ ಬಾಯಿಬಿಟ್ಟಿರಲಿಲ್ಲ. ಗಿಡವೆಂದರೆ ಪಪ್ಪನ ಇಲಾಖೆ ಎಂದು ದೂರ ಇದ್ದಳು. ಊಟದ ಮೇಜನ್ನು ನಾವು ಮೂವರೂ ಸೇರಿ ಬಾಗಿಲಲ್ಲಿ ಅಡ್ಡ ಮಾಡಿ ಹೊರಗೆ ತಂದೆವು. ಅದು ಎಲ್ಲಕ್ಕಿಂತ ದೊಡ್ಡ ಗಿಡದ ಮೇಲೆ ನಿಂತಿತು. ಉಳಿದವಕ್ಕೆ ಎರಡೆರಡು ಕುರ್ಚಿ, ಬೆನ್ನಿಗೆ ಬೆನ್ನು ಕೊಟ್ಟು. ಮೊದಲು ಬುಡಗಳಿಗೆ ಚೆನ್ನಾಗಿ ನೀರು ಬಿಡಿಸಿದಳು. ಒದ್ದೆ ನೆಲ ಹಗಲಿನ ಬಿಸಿಯನ್ನು ಬೇಗ ಬಿಡುವುದಿಲ್ಲ ಎಂದು ಉಮ್ಮು ಸಾಲಿಹ್ ಬಾಗಿಲಲ್ಲಿ ಕೂತು ಹೇಳುತ್ತಿದ್ದರು. ಆಮೇಲೆ ಕಂಬಳಿ. ನಮ್ಮ ಹಾಸಿಗೆಯವು, ಅವಳ ಹಾಸಿಗೆಯವು, ಅವು ಸಾಲದೆ ಬೆಡ್‌ಶೀಟು, ಅವೂ ಸಾಲದೆ ಕಿಟಕಿಯ ಪರದೆಗಳು. ಎಲ್ಲವನ್ನೂ ನೆಲ ಮುಟ್ಟುವಂತೆ ಎಳೆದು ಅಂಚಿಗೆ ಇಟ್ಟಿಗೆ ಇಟ್ಟೆವು. ಉಮ್ಮು ಸಾಲಿಹ್ ಒಳಗೆ ಹೋಗಿ ಕುರಿಚರ್ಮದ ಒಳಪದರ ಇರುವ ಒಂದು ಭಾರದ ನಿಲುವಂಗಿ ತಂದರು. ತೀರಿಕೊಂಡ ಗಂಡನದು. ಮಮ್ಮಿ ಬೇಡ ಎಂದು ಕೈ ಮಾಡಿದಳು. ಅವರು ಕೇಳಲಿಲ್ಲ, ತಾವೇ ಕುಂಟುತ್ತಾ ಬಂದು ಮೇಜಿನ ಮೇಲೆ ಹೊದೆಸಿ, ಅಂಚನ್ನು ಕೈಯಿಂದ ಸವರಿ ಸರಿಮಾಡಿದರು. ಕೊನೆಗೆ ಮಮ್ಮಿ ನೀರು ಕಾಯಿಸಿ, ರಬ್ಬರ್ ಚೀಲಕ್ಕೂ ಮನೆಯಲ್ಲಿದ್ದ ಗಾಜಿನ ಬಾಟಲಿಗಳಿಗೂ ತುಂಬಿ, ಟವೆಲು ಸುತ್ತಿ, ಪ್ರತಿ ಗಿಡದ ಬದಿಯಲ್ಲಿ ಒಂದೊಂದು ಇಟ್ಟಳು. ಅಷ್ಟರಲ್ಲಿ ಬೆಳಕು ಹೋಯಿತು. ಬಸಳೆಯ ಚಪ್ಪರ ಯಾರ ನೆನಪಿಗೂ ಬರಲಿಲ್ಲ.

ಒಳಗೆ ಮನೆ ಬೋಳಾಗಿತ್ತು. ನೆಲದ ಮೇಲೆ ಪೇಪರು ಹಾಸಿ ಕೂತು ಗಂಜಿ ಉಂಡೆವು. ಪರದೆ ಇಲ್ಲದ ಒಳಕೋಣೆಯಲ್ಲಿ ದೀಪ ಆರಿಸಿ ತೇರ್ಸ್ ಹೇಳಿದೆವು. ಕತ್ತಲಲ್ಲಿ ಮಮ್ಮಿಯ ಸ್ವರ ಮಾತ್ರ. ಪಪ್ಪನ ದಾಯಾದಿಗಾಗಿ ಬೇಡಿಕೊಂಡಳು, ವಾರ್ಡಿನವರಿಗಾಗಿ ಬೇಡಿಕೊಂಡಳು. ಗಿಡಗಳಿಗಾಗಿ ಬೇಡಲಿಲ್ಲ, ನಾನು ಮನಸ್ಸಿನಲ್ಲೇ ಸೇರಿಸಿಕೊಂಡೆ. ಹೊದೆಯಲು ಏನೂ ಉಳಿದಿರಲಿಲ್ಲ. ಇದ್ದಬದ್ದ ಸ್ವೆಟರು, ಸಾಕ್ಸು, ಶಾಲೆಯ ಕೋಟು ಎಲ್ಲ ಹಾಕಿಕೊಂಡು ಒಂದೇ ಹಾಸಿಗೆಯಲ್ಲಿ ಮೂವರೂ ಅಂಟಿಕೊಂಡು ಮಲಗಿದೆವು. ಮಮ್ಮಿಯ ಜೊತೆ ಅಷ್ಟು ಹತ್ತಿರ ಮಲಗಿ ಎಷ್ಟೋ ಕಾಲವಾಗಿತ್ತು. ಅವಳ ಕೈಯಲ್ಲಿ ಯಾವತ್ತೂ ಇರುವ ಡೆಟಾಲ್ ವಾಸನೆಯ ಜೊತೆ ಅಂದು ಮಣ್ಣಿನ ವಾಸನೆ ಇತ್ತು.

ಬೆಳಿಗ್ಗೆ ಎದ್ದಾಗ ಹಾಸಿಗೆಯಲ್ಲಿ ಮಮ್ಮಿ ಇರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ, ಮಫ್ಲರ್ ಸುತ್ತಿಕೊಂಡು ಕೂತಿದ್ದಳು. ಎದುರು ಎಲ್ಲ ಬೆಳ್ಳಗೆ. ಕಂಬಳಿಗಳು ರಟ್ಟಿನಂತೆ ಸೆಟೆದಿದ್ದವು. ನಾನು ಓಡಿಹೋಗಿ ಎತ್ತಲು ನೋಡಿದರೆ ಅಲ್ಲಿಂದಲೇ ತಡೆದಳು. ಬಿಸಿಲು ಬಂದು ಬಟ್ಟೆ ಮೆತ್ತಗಾಗುವವರೆಗೆ ಮುಟ್ಟುವಂತಿಲ್ಲ. ಹಾಗೆ ನಾವು ಮೂವರೂ ಮೆಟ್ಟಿಲ ಮೇಲೆ ಕಾಯುತ್ತಾ ಕೂತಿರುವಾಗ ಮುಂಬಾಗಿಲ ಬೀಗ ತೆಗೆದ ಸದ್ದಾಯಿತು. ದಾಯಾದಿಯ ಆಪರೇಷನ್ ಸರಿಯಾಗಿ ಆಗಿತ್ತು. ಉನೈಜಾ ಕಡೆ ಬರುವ ಟ್ಯಾಕ್ಸಿಯಲ್ಲಿ ಒಂದು ಸೀಟು ಸಿಕ್ಕಿ ಪಪ್ಪ ಹೊರಟು ಬಂದಿದ್ದರು. ದಾರಿಯುದ್ದಕ್ಕೂ ಹೊಲಗಳಲ್ಲಿ ಬಿಳಿ ಕಂಡಿತ್ತಂತೆ. ಅವರು ಮೊದಲ ಕೋಣೆಗೆ ಕಾಲಿಟ್ಟು ನಿಂತರು. ಮೇಜಿಲ್ಲ, ಕುರ್ಚಿಯಿಲ್ಲ, ಪರದೆಯಿಲ್ಲ, ಮನೆ ಖಾಲಿ. ಅವರು ನಮ್ಮನ್ನು ಹೆಸರು ಹಿಡಿದು ಕೂಗಿದ್ದು ಹಿತ್ತಲಿಗೆ ಕೇಳಿಸಿತು, ಆ ಸ್ವರದಲ್ಲಿ ಹೆದರಿಕೆ ಇತ್ತು. ಆಮೇಲೆ ಹಿಂಬಾಗಿಲಿಗೆ ಬಂದರು.

ಅವರು ಅಲ್ಲೇ ನಿಂತರು. ಹಿತ್ತಲಲ್ಲಿ ತಮ್ಮ ಮನೆಯ ಸಾಮಾನೆಲ್ಲ ಕಂಬಳಿ ಹೊದ್ದು ನಿಂತಿರುವುದನ್ನು ನೋಡುತ್ತಿದ್ದರು. ಬಿಸಿಲು ಗೋಡೆಯಿಂದ ಇಳಿದು ಬಂತು, ಬಟ್ಟೆಗಳಿಂದ ಹಬೆ ಏಳತೊಡಗಿತು. ಆಗ ಮಮ್ಮಿ ಎದ್ದು ಹೋಗಿ ಒಂದೊಂದೇ ಮೂಲೆಯನ್ನು ಎತ್ತಿದಳು. ಜೂಲಿ ಹೊದೆಸಿದ್ದ ಪರದೆ ಜಾರಿದ್ದ ಕಡೆ ಒಂದು ಗಿಡದ ಅರ್ಧ ಸುಟ್ಟಿತ್ತು. ಬಸಳೆ ಪೂರ್ತಿ ಹೋಗಿತ್ತು, ಚಪ್ಪರದಿಂದ ಲೋಳೆಯಾಗಿ ನೇತಾಡುತ್ತಿತ್ತು. ಉಳಿದ ಮೂರು ಮಲ್ಲಿಗೆ ನಿನ್ನೆ ಸಂಜೆ ಹೇಗಿದ್ದವೋ ಹಾಗೆಯೇ ಇದ್ದವು. ಪಪ್ಪ ಒಂದು ಚಿಗುರನ್ನು ಎರಡು ಬೆರಳ ನಡುವೆ ಹಿಡಿದು ನೋಡಿದರು. ಅವರ ಕಣ್ಣು ತುಂಬಿತ್ತು, ಅದನ್ನು ಮರೆಸಲು ಮುಖ ಆಚೆ ಮಾಡಿಕೊಂಡು, ಇಷ್ಟೆಲ್ಲ ಯಾಕೆ ಮಾಡಿದೆ, ನಿನಗೆ ರಜೆಯಿದ್ದದ್ದೇ ಒಂದು ದಿನ ಎಂದರು.

"ನೀವು ಊರಿಗೆ ಹೋಗುವುದಾದರೆ ಹೋಗಿ," ಎಂದಳು ಮಮ್ಮಿ, ಕಂಬಳಿ ಮಡಚುತ್ತಾ. "ಆದರೆ ಇವಕ್ಕೆ ನೀರು ಹಾಕುವವರು ಯಾರು ಎಂದು ಹೇಳಿ ಹೋಗಿ. ನನಗೆ ಡ್ಯೂಟಿ ಉಂಟು."

"ಹೋಗುವುದಿಲ್ಲ ಮಾರಾಯ್ತಿ," ಎಂದರು ಪಪ್ಪ.

ಅಷ್ಟೇ ಆಡಿದ್ದು. ಪಪ್ಪ ಒಳಗೆ ಹೋಗಿ ಚಹಾ ಮಾಡಿ ತಂದರು. ಒದ್ದೆ ಕುರ್ಚಿಗಳನ್ನು ಬಿಸಿಲಿಗೆ ಎಳೆದು ಎಲ್ಲರೂ ಹಿತ್ತಲಲ್ಲೇ ಕೂತು ಕುಡಿದೆವು. ಮಮ್ಮಿ ಅರ್ಧ ಕಪ್ಪು ಕುಡಿಯುವಷ್ಟರಲ್ಲಿ ಕೂತಲ್ಲೇ ನಿದ್ದೆಹೋದಳು. ಉಮ್ಮು ಸಾಲಿಹ್ ಬಾಗಿಲ ಹಿಂದಿನಿಂದ ನನ್ನನ್ನು ಕರೆದು ಗಿಡಗಳು ಹೇಗಿವೆ ಎಂದು ಕೇಳಿದರು. ಮೂರೂವರೆ ಉಳಿದಿವೆ ಎಂದೆ. ನಿಲುವಂಗಿಯನ್ನು ಒಣಗಿಸಿ ಕೊಟ್ಟರೆ ಸಾಕು, ಅವಸರವಿಲ್ಲ ಎಂದು ಹೇಳಿ ಅವರು ಮೆಲ್ಲನೆ ನಕ್ಕರು.

ಏಪ್ರಿಲ್ ಮುಗಿಯುವ ಹೊತ್ತಿಗೆ ಹೂ ಬಂತು. ಊರಿನಷ್ಟಲ್ಲ, ಆದರೆ ದಿನವೂ ಒಂದು ಬೊಗಸೆ. ಬಾಳೆನಾರು ಇಲ್ಲದ ಊರಿನಲ್ಲಿ ಪಪ್ಪ ಹೊಲಿಗೆಯ ದಾರದಲ್ಲೇ ಕಟ್ಟಲು ಕೂತರು. ಮೊದಲ ದಿನ ಬೆರಳು ಮರೆತಂತೆ ತಡವರಿಸಿತು, ಎರಡನೆಯ ದಿನ ಸರಿಹೋಯಿತು. ಮೊದಲ ಮಾಲೆಯನ್ನು ನನ್ನ ಕೈಯಲ್ಲಿ ಉಮ್ಮು ಸಾಲಿಹ್‌ಗೆ ಕಳುಹಿಸಿದರು. ಅವರ ಮೊಮ್ಮಗಳ ಮದುವೆಗೆ ಹಿತ್ತಲ ಹೂವೆಲ್ಲ ಹೋಯಿತು. ಅಲ್ಲಿಯವರೆಗೆ ಓಣಿಯಲ್ಲಿ ಸಿಸ್ಟರಿನ ಗಂಡ ಎನ್ನಿಸಿಕೊಂಡಿದ್ದ ಪಪ್ಪನಿಗೆ ಆ ಮದುವೆಯ ನಂತರ ಅಬು ಫುಲ್, ಮಲ್ಲಿಗೆಯ ಅಪ್ಪ ಎಂಬ ಹೆಸರು ಬಂತು. ಅಂಗಡಿಯವರೂ ಹಾಗೆಯೇ ಕರೆಯತೊಡಗಿದರು. ನಾವು ಆ ಮನೆಯಲ್ಲಿ ಮುಂದೆಯೂ ಬಹಳ ವರ್ಷ ಇದ್ದೆವು, ಮಮ್ಮಿ ನಿವೃತ್ತಳಾಗುವವರೆಗೆ. ಪ್ರತಿ ವರ್ಷ ಬಿಸಿಲು ಏರಿ ಗಾಳಿ ನಿಂತ ಸಂಜೆ ನಾಲ್ವರೂ ಸೇರಿ ಮೇಜು ಹೊರಗೆ ಎತ್ತುತ್ತಿದ್ದೆವು. ಈಗ ನಾನು ಬುರೈದಾದಲ್ಲಿ ಶಾಲೆಯ ಟೀಚರು. ಫೆಬ್ರವರಿ ಕಳೆಯುತ್ತಾ ಬಂದಾಗ, ಪಾಠ ಮುಗಿಸಿ ಬರುವಾಗ, ಇಂದಿಗೂ ಮೊದಲು ಆಕಾಶ ನೋಡುತ್ತೇನೆ.

ಆ ಮೊದಲ ಹೂವಿನ ಕಾಲದ ಒಂದು ದಿನ ಚೆನ್ನಾಗಿ ನೆನಪಿದೆ. ಮಮ್ಮಿ ಬೆಳಗಿನ ಡ್ಯೂಟಿಗೆ ಹೊರಟಿದ್ದಳು. ಹೂವು ಮುಡಿದರೆ ತಲೆನೋವು ಎನ್ನುವವಳು, ಡ್ಯೂಟಿಯಲ್ಲಿ ಮುಡಿಯಲು ಬಿಡುವುದೂ ಇಲ್ಲ. ಆದರೂ ಪಪ್ಪ ಒಂದು ತುಂಡು ಮಾಲೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವಳು ಅದನ್ನು ತೆಗೆದುಕೊಂಡು ಯೂನಿಫಾರ್ಮಿನ ಕಿಸೆಗೆ ಹಾಕಿಕೊಂಡು ಆಸ್ಪತ್ರೆಯ ವ್ಯಾನು ಹತ್ತಿದಳು. ಸಂಜೆ ಬಂದು ಚಪ್ಪಲಿ ಬಿಡುವಾಗ ಪಪ್ಪ ಹೂವು ಏನಾಯಿತು ಎಂದು ಕೇಳಲಿಲ್ಲ, ಕೇಳಬೇಕೆಂದಿದ್ದದ್ದು ಮಾತ್ರ ಮುಖದಲ್ಲಿ ಕಾಣುತ್ತಿತ್ತು. ಮಮ್ಮಿಯೇ ಹೇಳಿದಳು. ಕಣ್ಣು ಕಾಣದ ಒಬ್ಬರು ಅಜ್ಜಿ ವಾರ್ಡಿನಲ್ಲಿದ್ದಾರೆ, ಕಿಸೆಯ ಪರಿಮಳ ಹಿಡಿದು ಕೇಳಿದರು, ದಿಂಬಿನ ಹತ್ತಿರ ಇಟ್ಟು ಬಂದೆ, ಪಕ್ಕದ ಮಂಚದವಳಿಗೂ ಬೇಕಂತೆ.

"ನಾಳೆ ಸ್ವಲ್ಪ ಹೆಚ್ಚು ಕಟ್ಟಿಕೊಡಿ," ಎಂದಳು.

ಪಪ್ಪ ಒಲೆಯ ಉರಿ ಸಣ್ಣ ಮಾಡಿದರು. ಸಾರಿನ ಸೌಟನ್ನು ನನ್ನ ಕೈಗೆ ಕೊಟ್ಟು, ತಳ ಹಿಡಿಯದಂತೆ ನೋಡಿಕೋ ಎಂದು ಹೇಳಿ, ಟಾರ್ಚು ತೆಗೆದುಕೊಂಡು ಹಿತ್ತಲಿಗೆ ಇಳಿದರು, ನಾಳೆಗೆ ಅರಳುವ ಮೊಗ್ಗು ಎಷ್ಟಿದೆ ಎಂದು ನೋಡಲು.